ಸಾಬಿನೋ ಲುಪಾರೆಲ್ಲಿಯ ಸಂತಾಪಗಳು

ನಮ್ಮ ಪಿಯೆತ್ರಮಾರಾದಲ್ಲಿ ಯಾರಾದರೂ ಸತ್ತರೆ ಮೊದಲು ಪಾದ್ರಿಗೆ ಹೇಳುತ್ತಾರೆ, ಆಮೇಲೆ ನನಗೆ. ಪಾದ್ರಿ ಗಂಟೆ ಹೊಡೆಸುತ್ತಾನೆ, ನಾನು ಕಪ್ಪು ಅಂಚಿನ ಕಾಗದ ಅಚ್ಚು ಹಾಕುತ್ತೇನೆ. ಸತ್ತವರ ಹೆಸರು, ವಯಸ್ಸು, ಅಳುವವರ ಹೆಸರುಗಳು, ಮಣ್ಣು ಮಾಡುವ ಹೊತ್ತು. ಊರಿನ ಹನ್ನೊಂದು ಗೋಡೆಗಳ ಮೇಲೆ ಅದನ್ನು ಅಂಟಿಸಿದ ಮೇಲೆಯೇ ಮನುಷ್ಯ ಸತ್ತದ್ದು ಖಾತ್ರಿ. ಅದರ ಪಕ್ಕದಲ್ಲಿ ಬೇರೆಯವರು ತಮ್ಮ ತಮ್ಮ ಸಂತಾಪದ ಕಾಗದ ಅಂಟಿಸುತ್ತಾರೆ. ಜೊತೆಗೆ ಕೆಲಸ ಮಾಡಿದವರು, ಬೀದಿಯವರು, ಕಾಫಿ ಅಂಗಡಿಯಲ್ಲಿ ಇಸ್ಪೀಟು ಆಡುತ್ತಿದ್ದವರು. ಪಕ್ಕದಲ್ಲಿ ಎಷ್ಟು ಕಾಗದ ಬಿತ್ತು ಎನ್ನುವುದನ್ನು ನೋಡಿ ಸತ್ತವನ ಯೋಗ್ಯತೆ ಅಳೆಯುತ್ತಾರೆ. ಇದೊಂದು ಕೆಟ್ಟ ಚಾಳಿ ಎಂದು ನನಗೂ ಗೊತ್ತು. ಆದರೆ ಅಪ್ಪನ ಕಾಲದಿಂದ ನಮ್ಮ ಮನೆಯ ಒಲೆ ಉರಿದದ್ದು ಇದರಿಂದಲೇ, ಹಾಗಾಗಿ ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ.

ಸತ್ತವರ ಕಾಗದ ಬಿಟ್ಟರೆ ನಾನು ಅಚ್ಚು ಹಾಕುವುದು ಚುನಾವಣೆಗೆ ನಿಂತವರ ಮುಖ. ಸಾಬಿನೋ ಲುಪಾರೆಲ್ಲಿಯ ಮುಖವನ್ನು ಆರು ಸಲ ಹಾಕಿದ್ದೇನೆ. ಮೊದಲನೆಯದರಲ್ಲಿ ಮೀಸೆ ಇತ್ತು, ಕೊನೆಯದರಲ್ಲಿ ಕೂದಲೂ ಇರಲಿಲ್ಲ. ಆರರಲ್ಲೂ ನಗು ಮಾತ್ರ ಅದೇ.

ರಾಜಕೀಯಕ್ಕೆ ಬರುವ ಮೊದಲು ಸಾಬಿನೋ ನಮ್ಮೂರ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುತ್ತಿದ್ದ. ಎಂಬತ್ತು ಹಾಸಿಗೆಯ ಆಸ್ಪತ್ರೆ, ಸುತ್ತಲಿನ ಹತ್ತೊಂಬತ್ತು ಬೆಟ್ಟದೂರುಗಳಿಗೆ ಅದೊಂದೇ. ಯಾರ ತಾಯಿ ಯಾವ ಹಾಸಿಗೆಯಲ್ಲಿದ್ದಾಳೆ, ಯಾರಿಗೆ ಉಪ್ಪಿಲ್ಲದ ಸಾರು ಬೇಕು, ಎಲ್ಲ ಅವನ ನಾಲಗೆಯ ತುದಿಯಲ್ಲಿತ್ತು. ಊರಿನ ಗೋಡೆಗಳಿಗೆ ಕಾಗದ ಅಂಟಿಸುವ ರೊಕ್ಕೋ ಅವನ ಜೀವದ ಗೆಳೆಯ. ರೊಕ್ಕೋನ ಹೆಂಡತಿಗೆ ಹೆರಿಗೆ ನೋವು ಬಂದಾಗ ಸ್ಟ್ರೆಚರ್ ತಳ್ಳಿದವನು ಸಾಬಿನೋ. ಹುಟ್ಟಿದ ಹುಡುಗಿಗೆ ಅಜ್ಜಿಯ ಹೆಸರು ಫಿಲೊಮೆನಾ ಎಂದಿಟ್ಟರು, ಕರೆಯುವುದು ಮೆನಾ ಎಂದು. ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡು ನಿಂತ ಜ್ಞಾನತಂದೆಯೂ ಸಾಬಿನೋನೇ. ಅಂದಿನಿಂದ ಅವರಿಬ್ಬರೂ ಒಬ್ಬರಿಗೊಬ್ಬರು 'ಕೊಂಪಾರೆ'. ನಮ್ಮಲ್ಲಿ ಮಗುವಿನ ತಂದೆಗೂ ಜ್ಞಾನತಂದೆಗೂ ಬೀಳುವ ಈ ನಂಟು ರಕ್ತಸಂಬಂಧಕ್ಕಿಂತ ಗಟ್ಟಿ. ಅಣ್ಣತಮ್ಮಂದಿರು ಜಗಳವಾಡಬಹುದು, ಕೊಂಪಾರೆಗಳು ಆಡುವ ಹಾಗಿಲ್ಲ.

ತೊಂಬತ್ತನೆಯ ಇಸವಿಯಲ್ಲಿ ಆಸ್ಪತ್ರೆ ಮುಚ್ಚುತ್ತಾರೆಂದು ಸುದ್ದಿ ಬಂತು. ಸಾಬಿನೋ ಖಾಲಿ ಸ್ಟ್ರೆಚರುಗಳನ್ನು ಹೆದ್ದಾರಿಗೆ ಅಡ್ಡ ನಿಲ್ಲಿಸಿ ಮೂರು ದಿನ ಕೂತ. ಅದೇ ವರ್ಷ ಪ್ರಾಂತ್ಯದ ಸಭೆಗೆ ನಿಂತು ಗೆದ್ದ. ರೊಕ್ಕೋ ತನ್ನ ಮೂರು ಗಾಲಿಯ ಗಾಡಿಯಲ್ಲಿ ಅವನನ್ನು ಕೂರಿಸಿಕೊಂಡು ಹತ್ತೊಂಬತ್ತೂ ಊರು ಸುತ್ತಿಸಿದ್ದ. ಆಸ್ಪತ್ರೆ ಉಳಿಯಿತು. ನಾನೂ ಅವನಿಗೇ ಓಟು ಹಾಕಿದೆ, ಸಂತೋಷದಿಂದಲೇ ಹಾಕಿದೆ.

ಎರಡನೆಯ ಸಲ ಗೆದ್ದ ಮೇಲೆ ಒಂದು ದಿನ ನನ್ನ ಅಚ್ಚುಕೂಟಕ್ಕೆ ಬಂದ.

"ನೂನ್ಸಿಯಾ, ಇನ್ಮೇಲೆ ನನ್ನ ಕೇಳ್ಬೇಡ. ಯಾರೇ ಸಾಯ್ಲಿ, ನನ್ನ ಹೆಸರಲ್ಲಿ ಒಂದು ಸಂತಾಪ ಹಾಕ್ಬಿಡು. ಮಧ್ಯಾಹ್ನದೊಳಗೆ ಗೋಡೆ ಮೇಲಿರ್ಬೇಕು."

"ಯಾರೇ ಅಂದ್ರೆ? ನಿನ್ನ ಬೈಕೊಂಡೇ ಸತ್ತವ್ರಿಗೂನಾ?"

"ಅವ್ರಿಗೆ ಮೊದ್ಲು ಹಾಕು. ಅವ್ರ ಮನೇಲಿ ಇನ್ನೂ ಐದು ಓಟಿರುತ್ತೆ."

ಇಬ್ಬರೂ ನಕ್ಕೆವು. ಒಕ್ಕಣೆಯನ್ನು ಅವನೇ ಹೇಳಿದ: 'ಪ್ರಾಂತ್ಯ ಸಭೆಯ ಸದಸ್ಯ ಸಾಬಿನೋ ಲುಪಾರೆಲ್ಲಿ ಅಗಲಿಕೆಯ ಈ ಹೊತ್ತಿನಲ್ಲಿ ಕುಟುಂಬದವರ ನೋವಿನಲ್ಲಿ ಭಾಗಿಯಾಗಿದ್ದಾರೆ.' ಅಂದಿನಿಂದ ಇಪ್ಪತ್ತು ವರ್ಷ, ಸತ್ತವರ ಹೆಸರು ಬದಲಾಯಿತೇ ಹೊರತು ಈ ಸಾಲು ಬದಲಾಗಲಿಲ್ಲ. ಕಾಗದ ಹಾಕಿಸಿ ಸುಮ್ಮನಿರುತ್ತಿರಲಿಲ್ಲ, ಮಣ್ಣಿಗೂ ಬರುತ್ತಿದ್ದ. ಸತ್ತ ಮನೆಯಲ್ಲಿ ಪೆಟ್ಟಿಗೆಯ ಸುತ್ತ ಕೂತವರು ಅವನನ್ನು ಕಂಡ ಕೂಡಲೇ ಎದ್ದು ಕುರ್ಚಿ ಕೊಡುತ್ತಿದ್ದರು.

"ನನ್ನ ರಾಜಕೀಯ ಇಷ್ಟೇ ಕಣೇ," ಎಂದಿದ್ದ ಒಮ್ಮೆ. "ಸತ್ತ ಮನೇಲಿ ಕುರ್ಚಿ ಸಿಗೋವರೆಗೂ ನಾನು ಇದೀನಿ. ಸಿಗದೇ ಇದ್ದ ದಿನ ಮುಗೀತು."

ಎರಡು ಸಾವಿರದ ಹತ್ತರಲ್ಲಿ ಅವನನ್ನು ಪ್ರಾಂತ್ಯದ ಆರೋಗ್ಯ ಮಂತ್ರಿ ಮಾಡಿದರು. ನಮ್ಮೂರೊಂದರಲ್ಲೇ ಸಾವಿರದ ಮುನ್ನೂರ ಹನ್ನೆರಡು ಜನ ಓಟಿನ ಚೀಟಿಯ ಮೇಲೆ ಅವನ ಹೆಸರು ಬರೆದಿದ್ದರು. ಚರ್ಚಿನ ಮುಂದೆ ಬ್ಯಾಂಡು ಬಾರಿಸಿದೆವು. ಎರಡು ವರ್ಷ ಕಳೆದ ಮೇಲೆ ನಮ್ಮ ಆಸ್ಪತ್ರೆಯ ಹೆರಿಗೆ ವಾರ್ಡು ಮುಚ್ಚುವ ಆದೇಶ ಬಂತು. ಸಹಿ ಅವನದೇ.

ಆ ವಾರ ಅವನು ಬಂದಾಗ ರೊಕ್ಕೋ ನನ್ನಲ್ಲಿ ಕಾಗದದ ಕಟ್ಟು ಒಯ್ಯಲು ನಿಂತಿದ್ದ. ಮೆನಾಗೆ ಆಗಷ್ಟೇ ಮೊದಲನೆಯ ಹೆರಿಗೆಯಾಗಿತ್ತು, ಅದೇ ವಾರ್ಡಿನಲ್ಲಿ.

"ಏನೋ ಕೊಂಪಾರೆ, ನೀನೇ ಮುಚ್ಚಿಸ್ತಾ ಇದೀಯಲ್ಲೋ," ಎಂದ ರೊಕ್ಕೋ.

"ವರ್ಷಕ್ಕೆ ಐನೂರು ಹೆರಿಗೆ ಆಗ್ದಿದ್ರೆ ವಾರ್ಡು ನಡೆಸೋ ಹಾಗಿಲ್ಲ ಅಂತ ಮೇಲಿಂದ ಬಂದಿದೆ. ನಮ್ಮಲ್ಲಿ ನೂರ ನಲವತ್ಮೂರು. ನಾನು ಸಹಿ ಹಾಕ್ದಿದ್ರೆ ನಾಳೆ ಇನ್ನೊಬ್ಬ ಬಂದು ಇಡೀ ಆಸ್ಪತ್ರೆಗೇ ಬೀಗ ಹಾಕ್ತಾನೆ."

"ನಗರಕ್ಕೆ ಅರವತ್ತೆರಡು ಕಿಲೋಮೀಟರ್ ಇದೆ. ಚಳಿಗಾಲದಲ್ಲಿ ಘಟ್ಟದ ಮೇಲೆ ಏನಿರುತ್ತೆ ಅಂತ ನಿಂಗೆ ನಾನು ಹೇಳ್ಬೇಕಾ?"

"ಅದಕ್ಕೇ ಹೊಸ ಆಂಬುಲೆನ್ಸ್ ತರಿಸ್ತಾ ಇದೀನಿ. ಒಳಗೇ ಡಾಕ್ಟರ್ ಇರ್ತಾರೆ. ಇಪ್ಪತ್ನಾಲ್ಕು ಗಂಟೆ ಇಲ್ಲೇ ನಿಂತಿರುತ್ತೆ. ಮೆನಾ ಮೇಲಾಣೆ."

"ಆಣೆ ಗೀಣೆ ಎಲ್ಲಾ ಬೇಡ ಮಾರಾಯ. ಡಾಕ್ಟ್ರು ಬರ್ಲಿ, ಸಾಕು."

ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ಆಗ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಆಂಬುಲೆನ್ಸ್ ಬಂತು, ಡಾಕ್ಟರೂ ಬಂದರು. ಎರಡು ವರ್ಷ ಇದ್ದು ಆ ಡಾಕ್ಟರು ಕರಾವಳಿಗೆ ವರ್ಗ ಮಾಡಿಸಿಕೊಂಡು ಹೋದರು. ಆ ಜಾಗ ಖಾಲಿ ಬಿತ್ತು. ನಮ್ಮ ಮೇಯರ್ ನಾಲ್ಕು ಕಾಗದ ಬರೆದ. ಆ ನಾಲ್ಕೂ ಮಂತ್ರಿಗಳ ಮೇಜಿನ ಮೇಲೆ ಕೂತವು. ಸಾಬಿನೋಗೆ ಆಗ ಮುಂದಿನ ಚುನಾವಣೆಯ ಚಿಂತೆ ಹತ್ತಿತ್ತು.

ಎರಡು ಸಾವಿರದ ಹದಿನೈದರ ಜನವರಿಯಲ್ಲಿ, ಒಂದು ಮಂಗಳವಾರ ಬೆಳಿಗ್ಗೆ ಏಳಕ್ಕೆ, ಮೆನಾಗೆ ಎರಡನೆಯ ಹೆರಿಗೆಯ ನೋವು ಶುರುವಾಯಿತು, ಹಿಂದೆಯೇ ರಕ್ತ. ಆಂಬುಲೆನ್ಸಿನಲ್ಲಿ ಡ್ರೈವರ್ ಇದ್ದ, ಒಬ್ಬ ಸ್ವಯಂಸೇವಕ ಇದ್ದ. ಘಟ್ಟದ ಮೇಲೆ ಹಿಮ. ಮುಂದೊಂದು ಲಾರಿ ಅಡ್ಡ ತಿರುಗಿ ನಿಂತಿತ್ತು. ಅದನ್ನು ಸರಿಸಲು ಒಂದು ಗಂಟೆ ಹಿಡಿಯಿತು. ನಗರದ ಆಸ್ಪತ್ರೆಯಲ್ಲಿ ಮಗುವನ್ನು ಉಳಿಸಿಕೊಂಡರು. ಮೆನಾ ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಮುಗಿದುಹೋದಳು.

ಮರುದಿನ ಒಂಬತ್ತಕ್ಕೆ ರೊಕ್ಕೋ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಮೂವತ್ತು ವರ್ಷ ಇದೇ ಬಾಗಿಲಿಗೆ ಬಂದವನು, ಒಂದು ದಿನವೂ ನನ್ನ ಮುಂದೆ ಟೋಪಿ ತೆಗೆದವನಲ್ಲ. ಹೆಸರುಗಳನ್ನು ಒಂದೊಂದಾಗಿ ಹೇಳಿದ. ಗಂಡ, ಮಕ್ಕಳು, ತಾಯಿ, ತಂದೆ. ನಮ್ಮ ಪದ್ಧತಿಯಲ್ಲಿ ತಂದೆತಾಯಿಯ ಕೆಳಗಿನ ಸಾಲು ಜ್ಞಾನತಂದೆಯದು.

"ಕೊಂಪಾರೆ ಹೆಸರು?" ಎಂದೆ.

"ಬೇಡ."

ನಾನು ಆ ಸಾಲು ಬಿಟ್ಟೆ. ಅವನು ಅಂಟು ಕಲಸಲು ಹೋದ. ಅಷ್ಟರಲ್ಲಿ ನಾನು ಮೆನಾಳ ಕಾಗದ ಹನ್ನೊಂದು ತೆಗೆದೆ. ಆಮೇಲೆ ಎಂದಿನಂತೆ ಸಾಬಿನೋನ ಸಾಲು ತೆಗೆದು ಅದನ್ನೂ ಹನ್ನೊಂದು ಅಚ್ಚು ಹಾಕಿದೆ. ಅಭ್ಯಾಸಬಲ, ಕೈ ತಾನಾಗಿ ಓಡಿತು ಎಂದು ಬಹಳ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಸುಳ್ಳು. ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ನನಗೆ ಅವನ ಮೇಲೆ ಸಿಟ್ಟಿತ್ತು. ತಾನು ಎತ್ತಿಕೊಂಡು ನಿಂತ ಮಗುವಿಗೆ ತಾನು ದಾರಿಹೋಕರಿಗೆ ಕಳಿಸುವ ಸಂತಾಪವನ್ನೇ ಕಳಿಸಿದ್ದೇನೆ ಎನ್ನುವುದನ್ನು ಅವನು ನಿಂತು ಓದಲಿ ಎಂದು ಹಾಕಿದೆ. ಅದನ್ನು ಗೋಡೆಗೆ ಅಂಟಿಸುವವನು ಯಾರು ಎನ್ನುವುದು ಮಾತ್ರ ನನ್ನ ಮಂಡೆಗೆ ಹೊಳೆಯಲಿಲ್ಲ.

ರೊಕ್ಕೋ ಬಕೆಟ್ಟು ಹಿಡಿದು ವಾಪಸು ಬಂದ. ಎರಡು ಕಟ್ಟು ನೋಡಿದ. ಎರಡನೆಯದರ ಮೇಲಿನ ಹಾಳೆ ಓದಿದ.

"ಇದೂ ಇದೆಯಾ?"

"ರೊಕ್ಕೋ, ಅದನ್ನ ಬಿಡು, ನಾನು ಸುಟ್ಟಾಕ್ತೀನಿ."

"ಯಾಕೆ? ಬೇರೆಯವರ ಮನೇಲಿ ಸತ್ತಾಗ ಅಂಟಿಸಿಲ್ವಾ? ಕೊಡು ಇಲ್ಲಿ."

ಹನ್ನೊಂದೂ ಕಡೆ ಅಂಟಿಸಿದ. ಒಂದೂ ಸೊಟ್ಟಗಿರಲಿಲ್ಲ.

ಸಾಬಿನೋ ಮಧ್ಯಾಹ್ನ ಬಂದ. ದಾರಿಯುದ್ದಕ್ಕೂ ಅತ್ತಿದ್ದ, ಕಣ್ಣು ಕೆಂಪಾಗಿ ಊದಿತ್ತು. ನಾನು ಚರ್ಚಿನ ಮೆಟ್ಟಿಲ ಮೇಲೆ ನಿಂತಿದ್ದೆ. ಕಾರಿನಿಂದ ಇಳಿದವನು ಗೋಡೆಯ ಮುಂದೆ ನಿಂತ. ಮನೆಯವರ ಕಾಗದದ ಮೇಲೆ ಬೆರಳಿಟ್ಟು ತನ್ನ ಹೆಸರು ಹುಡುಕಿದ. ತಂದೆತಾಯಿಯ ಸಾಲಿನ ಕೆಳಗೆ ಮತ್ತೆ ಮತ್ತೆ ಬೆರಳು ಓಡಿಸಿದ. ಅಲ್ಲಿರಲಿಲ್ಲ. ಪಕ್ಕದ ಕಾಗದದಲ್ಲಿತ್ತು. ಅದನ್ನು ಓದಿ ನನ್ನ ಕಡೆ ತಿರುಗಿದ.

"ಒಂದು ಫೋನ್ ಮಾಡ್ಬಾರ್ದಿತ್ತಾ ನೂನ್ಸಿಯಾ?"

"ಯಾರೇ ಸಾಯ್ಲಿ, ಕೇಳ್ಬೇಡ ಅಂದಿದ್ಯಲ್ಲ."

"ಹೌದು," ಎಂದ. "ಅಂದಿದ್ದೆ."

ಅಲ್ಲಿಂದ ರೊಕ್ಕೋನ ಮನೆಗೆ ನಡೆದ, ನಾನೂ ಹಿಂದೆ ಹೋದೆ. ಪೆಟ್ಟಿಗೆಯ ಸುತ್ತ ಇಪ್ಪತ್ತು ಜನ ಕೂತಿದ್ದರು. ಅವನು ಬಾಗಿಲಲ್ಲಿ ನಿಂತ. ಯಾರೂ ಏಳಲಿಲ್ಲ. ಗೋಡೆಯ ಪಕ್ಕ ಒಂದು ಕುರ್ಚಿ ಖಾಲಿಯೇ ಇತ್ತು. ರೊಕ್ಕೋ ತನ್ನ ಮಡಿಲಲ್ಲಿದ್ದ ಟೋಪಿಯನ್ನು ಎತ್ತಿ ಅದರ ಮೇಲಿಟ್ಟ.

"ಕೊಂಪಾರೆ," ಎಂದ ಸಾಬಿನೋ.

"ನಿಮ್ಮ ಸಂತಾಪ ಬಂತು, ಮಂತ್ರಿಗಳೇ. ಗೋಡೆ ಮೇಲಿದೆ, ನಾನೇ ಅಂಟಿಸಿದೀನಿ. ನೀವು ಬರೋ ತೊಂದರೆ ತಗೋಬೇಕಾಗಿರ್ಲಿಲ್ಲ."

ಮೂವತ್ತೈದು ವರ್ಷ 'ಲೋ' ಎಂದು ಕರೆದ ಬಾಯಿ ಅದು. ಸಾಬಿನೋ ಬಾಗಿಲಿನಿಂದಲೇ ಹೊರಟುಹೋದ. ಮಣ್ಣಿಗೂ ನಿಲ್ಲಲಿಲ್ಲ.

ವಸಂತದಲ್ಲಿ ಚುನಾವಣೆ ಬಂತು. ನಾನು ಅವನ ಮುಖ ಅಚ್ಚು ಹಾಕಿದೆ, ರೊಕ್ಕೋ ಅದನ್ನೂ ಅಂಟಿಸಿದ. ಭಾನುವಾರ ರಾತ್ರಿ ಹನ್ನೊಂದಕ್ಕೆ ಓಟು ಮುಗಿದು, ಶಾಲೆಯಲ್ಲಿ ಚೀಟಿಗಳನ್ನು ಬಿಚ್ಚಿ ಗಟ್ಟಿಯಾಗಿ ಓದತೊಡಗಿದರು. ನಮ್ಮೂರಲ್ಲಿ ಅವನಿಗೆ ತೊಂಬತ್ತಾರು ಓಟು. ಸೋತ. ಪಕ್ಷದವರು ಯಾವುದೋ ನೀರಿನ ಮಂಡಳಿಯಲ್ಲಿ ಒಂದು ಕುರ್ಚಿ ಹಾಕಿಕೊಟ್ಟರು. ಅವನು ರಾಜಧಾನಿಯಲ್ಲೇ ಉಳಿದ, ವಯಸ್ಸು ಮೀರಿದ ಮೇಲೆ ಅಲ್ಲಿಯ ಹೆಂಗಸೊಬ್ಬಳನ್ನು ಮದುವೆಯಾದ. ನಮ್ಮೂರಿನ ಯಾವ ಸಾವಿಗೂ ಮತ್ತೆ ಬರಲಿಲ್ಲ. ಸಂತಾಪ ನಿಲ್ಲಿಸು ಎಂದು ಮಾತ್ರ ಒಂದು ಸಾಲು ಬರೆದು ಕಳಿಸಿದ್ದ. ಮೆನಾಳ ಗಂಡ ಮಕ್ಕಳನ್ನು ಕರೆದುಕೊಂಡು ಉತ್ತರಕ್ಕೆ ಹೋದ. ಆಸ್ಪತ್ರೆಯ ಉಳಿದ ವಾರ್ಡುಗಳೂ ಒಂದೊಂದಾಗಿ ಮುಚ್ಚಿದವು. ಸಹಿ ಹಾಕಿದವರು ಬೇರೆಯವರು.

ಹೋದ ವರ್ಷಕ್ಕೆ ಹಿಂದಿನ ವರ್ಷದ ನವೆಂಬರಿನಲ್ಲಿ ಸಾಬಿನೋ ತೀರಿಕೊಂಡ. ಅರವತ್ತೇಳು ವರ್ಷ, ಪಿತ್ತಕೋಶದ ರೋಗ. ಊರಲ್ಲೇ ಮಣ್ಣು ಮಾಡಬೇಕೆಂದು ಬರೆದಿಟ್ಟಿದ್ದನಂತೆ. ಹೆಂಡತಿ ಫೋನಿನಲ್ಲಿ ವಿವರ ಹೇಳಿದಳು, ನಾನು ಹನ್ನೊಂದು ಕಾಗದ ತೆಗೆದೆ. ಪಿಂಚಣಿ ಬಂದ ಮೇಲೂ ಬಕೆಟ್ಟು ಬಿಡದ ರೊಕ್ಕೋ ಬಂದು ಒಯ್ದ.

ನಾನು ಕಾದೆ. ಸಂತಾಪ ಹಾಕಿಸಲು ಯಾರೂ ಬರಲಿಲ್ಲ. ಸಾಬಿನೋ ಕೆಲಸ ಕೊಡಿಸಿದವರು ಈ ಬೀದಿಯಲ್ಲೇ ಮೂವತ್ತು ಜನರಿದ್ದಾರೆ. ಜ್ಞಾನತಂದೆಯಾಗಿ ನಿಂತ ಮಕ್ಕಳು ಐವತ್ತಕ್ಕೂ ಹೆಚ್ಚು. ನಾನೇ ಮಾಡಿದ ಫೋನೆತ್ತಿ ಮೇಯರ್ "ನೋಡೋಣ" ಎಂದ. ಪಕ್ಷವೇ ಈಗ ಇಲ್ಲ. ನನ್ನ ಹೆಸರಿನಲ್ಲಿ ಒಂದು ಹಾಕೋಣವೆಂದು ಬರೆದೆ, ಯಾರು ಏನನ್ನುತ್ತಾರೋ ಎಂದು ಅಳಿಸಿದೆ. ನನ್ನ ಬಗ್ಗೆ ನನಗೆ ಹೇಸಿಗೆಯಾಯಿತು, ಆದರೂ ಅಳಿಸಿದೆ.

ಹನ್ನೆರಡಕ್ಕೆ ರೊಕ್ಕೋ ಖಾಲಿ ಬಕೆಟ್ಟು ಹಿಡಿದು ವಾಪಸು ಬಂದ.

"ಒಂದು ಹಾಕು. ನನ್ನ ಹೆಸರಲ್ಲಿ."

"ಏನಂತ ಹಾಕ್ಲಿ?"

"ಅವನು ಮೆನಾಗೆ ಹಾಕಿಸಿದ್ದನಲ್ಲ, ಅದನ್ನೇ. ಹೆಸರು, ಹುದ್ದೆ ಬಿಟ್ಟು ಒಂದಕ್ಷರ ಬದಲಾಯಿಸ್ಬೇಡ."

"ಕೊಂಪಾರೆ ಅಂತ ಸೇರಿಸ್ಲಾ?"

"ಬೇಡ. ಹೇಳಿದಷ್ಟು ಮಾಡು."

ಹನ್ನೊಂದು ಹಾಕಲೇ ಎಂದರೆ ಒಂದೇ ಸಾಕು ಎಂದ. ಅದನ್ನು ಮುಚ್ಚಿದ ಆಸ್ಪತ್ರೆಯ ಗೇಟಿನ ಪಕ್ಕದ ಗೋಡೆಯಲ್ಲಿ, ಸಾಬಿನೋನ ಕಾಗದಕ್ಕೆ ತಾಗಿಸಿ ಅಂಟಿಸಿದ.

ಮಣ್ಣಿಗೆ ಒಂಬತ್ತು ಜನ ಬಂದಿದ್ದೆವು, ಪಾದ್ರಿಯೂ ಸೇರಿ. ರೊಕ್ಕೋ ಬರಲಿಲ್ಲ. ಸ್ಮಶಾನದಿಂದ ಇಳಿದು ಬರುವ ದಾರಿ ಆಸ್ಪತ್ರೆಯ ಮುಂದೆಯೇ ಹೋಗುತ್ತದೆ. ಸಾಬಿನೋನ ಹೆಂಡತಿ ಆ ಗೋಡೆಯ ಮುಂದೆ ನಿಂತು ಕನ್ನಡಕ ಹಾಕಿಕೊಂಡು ಓದಿದಳು. ಆಮೇಲೆ ರೊಕ್ಕೋನ ಹೆಸರಿನ ಮೇಲೆ ಕೈ ಸವರಿದಳು.

"ಇಡೀ ಊರಲ್ಲಿ ಇವ್ರೊಬ್ರೇ ನೋಡಿ," ಎಂದಳು. "ಯಾರಿವ್ರು? ನಮ್ಮವ್ರಿಗೆ ತುಂಬಾ ಬೇಕಾದವ್ರಿರ್ಬೇಕು."

"ಹೌದಮ್ಮಾ," ಎಂದೆ. "ತುಂಬಾ ಬೇಕಾದವ್ರು."