ಅಪ್ಪನ ಹಾರ್ನ್

ತನ್ನ ಕೆಲಸಕ್ಕೆ ಸಂಕಲನ ಎನ್ನುವ ದೊಡ್ಡ ಮಾತು ಅವಳಿಗೆ ಒಗ್ಗುತ್ತಿರಲಿಲ್ಲ. "ಕತ್ತರಿಸಿ ಅಂಟಿಸೋ ಕೆಲಸ ಕಣ್ರೇ, ದರ್ಜಿ ಅಂತ ಬರ್ಕೊಳ್ಳಿ" ಎನ್ನುತ್ತಿದ್ದಳು. ಗೆಳತಿಯರ ನಡುವೆ ಆ ಹೆಸರೇ ನಿಂತಿತು. ಹೋದ ತಿಂಗಳು ಅವಳು ತೀರಿಕೊಂಡಾಗಲೂ ಫೋನಿನಲ್ಲಿ ಬಂದ ಮಾತು ಇಷ್ಟೇ: "ದರ್ಜಿ ಹೋಗ್ಬಿಟ್ಳು."

ಅವಳು ಹೊಲಿಯುತ್ತಿದ್ದುದು ಟಿ.ವಿ.ಯ ಪ್ರೇಮ. ಹುಡುಗ ಹುಡುಗಿಯರನ್ನು ಒಂದು ಬಂಗಲೆಯಲ್ಲಿ ಕೂಡಿಹಾಕಿ ಜೋಡಿ ಮಾಡಿಸುವ ಕಾರ್ಯಕ್ರಮ ಅದು. ಸೋಮವಾರದ ನಗುವನ್ನು ಗುರುವಾರದ ಮಾತಿಗೆ ಜೋಡಿಸುವುದು, ಆಕಳಿಕೆಯನ್ನು ನಿಟ್ಟುಸಿರಾಗಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಹಾಗಾಗಿಯೇ ಯಾರನ್ನೂ ಪೂರ್ತಿ ನಂಬದ ಚಾಳಿ ಹತ್ತಿಕೊಂಡಿತ್ತು. ಮಗು ನಗುವ ವಿಡಿಯೊ ತೋರಿಸಿದರೂ "ಹಿಂದೆ ಯಾರೋ ಗಿಲಕಿ ಆಡಿಸ್ತಿದಾರೆ" ಎನ್ನುವಳು.

ಕೆಲವು ವರ್ಷಗಳ ಹಿಂದೆ ಅಂಥವಳ ತಂಗಿಯೇ ಸ್ಪರ್ಧಿಯಾಗಿ ಆ ಬಂಗಲೆಗೆ ಹೋದಳು. ಅಕ್ಕ ಎಷ್ಟು ಬಡಿದುಕೊಂಡರೂ ಕೇಳಲಿಲ್ಲ. ಚಿತ್ರೀಕರಣ ಮುಗಿಸಿ ಮನೆಗೆ ಬಂದಾಗ ಮುಖ ಅರಳಿತ್ತು.

"ಅವನನ್ನೇ ಮದ್ವೆ ಆಗ್ತೀನಿ ಕಣೇ. ನಾನು ಆರಿಸಿದ್ದಲ್ಲ, ಅಪ್ಪ ಆರಿಸಿದ್ದು."

"ಅಪ್ಪ ಎಲ್ಲಿಂದ ಬಂದ್ರು ಮಧ್ಯದಲ್ಲಿ?"

"ಮದ್ವೆ ಆಗ್ತೀಯಾ ಅಂತ ಅವನು ಕೇಳಿದ್ದ, ಹ್ಞೂ ಅನ್ಲಾ, ಬೇಡ ಅನ್ಲಾ ಅಂತ ಕೂತಿದ್ದೆ. ಗೇಟ್ ಹತ್ರ ಹಾರ್ನ್ ಕೇಳಿಸ್ತು, ಥೇಟ್ ಅಪ್ಪ ಹೊಡೀತಿದ್ದ ಹಾಗೆ. ಚಿಕ್ಕದೊಂದು, ಉದ್ದದೊಂದು. ಅತ್ತುಬಿಟ್ಟೆ. ಹ್ಞೂ ಅಂದೆ."

ಅಪ್ಪ ಇಲ್ಲವಾಗಿ ವರ್ಷಗಳಾಗಿದ್ದವು. ಕೆಲಸದಿಂದ ಬಂದು ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿ ಅವರು ಹಾಗೆ ಹಾರ್ನ್ ಹೊಡೆದರೆ ಅಕ್ಕತಂಗಿಯರಿಬ್ಬರೂ ಎದ್ದೆವೋ ಬಿದ್ದೆವೋ ಎಂದು ಓಡುತ್ತಿದ್ದರು. ಭಾನುವಾರ ಹುಡುಗನ ಮನೆಯವರು ಮಾತುಕತೆಗೆ ಬರುವವರಿದ್ದರು. ತಂಗಿ ಹಾಡಿಕೊಳ್ಳುತ್ತ ಓಡಾಡುತ್ತಿದ್ದಳು. ಅಕ್ಕನ ತಲೆಯಲ್ಲಿ ಹುಳ ಕೊರೆಯತೊಡಗಿತು.

ಮರುದಿನ ಆಫೀಸಿನ ಕಿಟಕಿಯಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಗೇಟಿನ ಕಡೆಯ ಕ್ಯಾಮೆರಾದ ರೆಕಾರ್ಡಿಂಗನ್ನು ತೆಗೆದಳು. ಪ್ರಸಾರಕ್ಕೆ ಬೇಡದ್ದೆಂದು ಯಾರೂ ಮುಟ್ಟದ ತುಣುಕು. ಒಂದು ಸ್ಕೂಟರ್ ನಿಂತಿದೆ, ಪಕ್ಕದಲ್ಲಿ ಡ್ರೈವರ್. ಅವನ ವಾಕಿಟಾಕಿಯಲ್ಲಿ ಪ್ರೊಡ್ಯೂಸರ್ ಮೇಡಂ ದನಿ: "ಈಗ ಹೊಡಿ. ಮೊದ್ಲು ಚಿಕ್ಕದು, ಆಮೇಲೆ ಉದ್ದ."

ದರ್ಜಿ ತುಣುಕನ್ನು ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಕೇಳಿದಳು. ಇದು ಮೇಡಂಗೆ ಹೇಗೆ ಗೊತ್ತಾಯಿತು? ತಂಗಿಯನ್ನು ಅನುಮಾನಿಸಿದಳು, ಹುಡುಗನನ್ನು ಅನುಮಾನಿಸಿದಳು. ಆಮೇಲೆ ನೆನಪಾಯಿತು. ಸ್ಪರ್ಧಿಗಳಿಗೆ ಕೇಳುವ ಪ್ರಶ್ನೆಗಳನ್ನು ಮೇಡಂ ಮೊದಲು ತನ್ನ ಕೆಲಸದವರ ಮೇಲೆ ಪ್ರಯೋಗಿಸಿ ನೋಡುತ್ತಿದ್ದಳು. ಒಂದು ಸಲ ಚಹಾ ಕುಡಿಯುತ್ತ "ಯಾವ ಸದ್ದು ಕೇಳಿದ್ರೆ ನಿಮಗೆ ಅಳು ಬರುತ್ತೆ?" ಎಂದು ಕೇಳಿದ್ದಳು. ಊರವರ ಬಾಯಿಯನ್ನೆಲ್ಲ ಅನುಮಾನಿಸುತ್ತಿದ್ದವಳು ತನ್ನ ಬಾಯಿಗೆ ಕಾವಲು ಹಾಕಿರಲಿಲ್ಲ.

ನೇರ ಮೇಡಂ ಬಳಿ ಹೋದಳು.

"ಅವಳು ಅತ್ತಿದ್ದು ಅಪ್ಪನಿಗೋಸ್ಕರ, ಮೇಡಂ. ಆ ಹುಡುಗನಿಗಲ್ಲ."

"ಅಳು ಅಳುನೇ ತಾನೇ? ಯಾರಿಗೋಸ್ಕರ ಅಂತ ಅದರ ಮೇಲೆ ಚೀಟಿ ಅಂಟಿಸಿರುತ್ತಾ?" ಮೇಡಂ ಬೆನ್ನು ತಟ್ಟಿದಳು. "ನಿಮಗೆ ಕಷ್ಟ ಅನ್ಸಿದ್ರೆ ಈ ಎಪಿಸೋಡ್‌ನ ಬೇರೆಯವರ ಕೈಲಿ ಮಾಡಿಸ್ತೀನಿ ಬಿಡಿ."

ಸುಮ್ಮನಿದ್ದರೆ ತಂಗಿ ಯಾರದೋ ಹಾರ್ನಿಗೆ ಕೊರಳೊಡ್ಡುತ್ತಾಳೆ. ಹೇಳಿದರೆ ಅಪ್ಪನನ್ನು ಅವಳಿಂದ ಇನ್ನೊಮ್ಮೆ ಕಿತ್ತುಕೊಂಡ ಹಾಗೆ. ಮನೆ ಸೇರಿ, ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟಳು, ತಾನು ಚಹಾದ ಜೊತೆ ಒದರಿದ್ದನ್ನೂ ಸೇರಿಸಿ.

ತಂಗಿ ಒಂದು ಹೆಜ್ಜೆ ಹಿಂದೆ ಸರಿದಳು. "ಇದನ್ನ ಹೇಳು ಅಂತ ಅವರೇ ಕಳಿಸಿದ್ರಾ? ನಾನೀಗ ಕಿರುಚಾಡ್ಬೇಕಾ? ಅದನ್ನೂ ತೋರಿಸ್ತಾರಾ?"

ಹತ್ತಿರ ಬಂದು ಅಕ್ಕನ ಕಾಲರ್ ತಿರುವಿ ಮೈಕ್ ಹುಡುಕಿದಳು. ಬೆನ್ನು ತಡವಿದಳು, ಸೊಂಟ ತಡವಿದಳು, ಕೈಚೀಲ ಕೊಡವಿದಳು. ಅಕ್ಕ ಎರಡೂ ಕೈ ಎತ್ತಿಕೊಂಡು ನಿಂತೇ ಇದ್ದಳು. ಏನೂ ಸಿಗದಿದ್ದಾಗ ತಂಗಿಯ ಮುಖ ಇಳಿದುಹೋಯಿತು.

"ಭಾನುವಾರ ಬರಬೇಡಿ ಅಂತ ನಾನೇ ಹೇಳ್ತೀನಿ ಅವರಿಗೆ," ಎಂದಳು. ಕೈಚೀಲವನ್ನು ವಾಪಸ್ ಕೊಡುತ್ತ ಕೇಳಿದಳು, "ಅಕ್ಕಾ, ಅಪ್ಪ ಹಾಗೆ ಹಾರ್ನ್ ಹೊಡೀತಿದ್ದಿದ್ದಾದ್ರೂ ನಿಜ ತಾನೇ?"

"ನಿಜ ಕಣೇ. ನಿಜವಾಗ್ಲೂ."

ತಂಗಿ ತಲೆಯಾಡಿಸಿದಳು. ಆದರೂ ಅಕ್ಕನ ಮುಖದ ಮೇಲಿಂದ ಕಣ್ಣು ಕೀಳಲಿಲ್ಲ.