ಸೊಸೆಯರ ಉತ್ತರ ನಾನೇ ಹೇಳಿದ್ದು

ನನ್ನ ಮೊಮ್ಮಗಳಿಗೆ ಹೆಸರು ತಂದುಕೊಟ್ಟ ಲೇಖನ ಹುಸಿ. ಅದನ್ನು ಕೆಡಿಸಿದವಳು ನಾನು. ಬೇರೆ ಯಾರನ್ನೂ ದೂರುವ ಹಾಗಿಲ್ಲ.

ಅವಳು ಮನಶ್ಶಾಸ್ತ್ರ ಓದುತ್ತಿದ್ದಾಗ ಪ್ರಶ್ನೆಗಳ ಹಾಳೆ ಹಿಡಿದು ನಮ್ಮ ಕೊಳಕೂರಿಗೆ ಬಂದಿದ್ದಳು. ಸೊಸೆಯರಿಗೆ ಮನಸ್ಸು ಭಾರವಾದರೆ ಯಾರ ಮುಂದೆ ಹೇಳಿಕೊಳ್ಳುತ್ತಾರೆ ಎಂದು ಕೇಳಬೇಕಿತ್ತಂತೆ. ಬಿಸಿಲಲ್ಲಿ ಮನೆ ಮನೆ ಅಲೆಯುವುದು ಬೇಡವೆಂದು ಓಣಿಯ ಸೊಸೆಯರನ್ನು ನಾನೇ ನಮ್ಮ ಪಡಸಾಲೆಗೆ ಕರೆಸಿದೆ. ಸೊಸೆಯರು ಹೊರಟರೆ ಅತ್ತೆಯರು ಬಿಡುತ್ತಾರೆಯೇ? ಅವರೂ ಬಂದು ತೊಗರಿ ಹಸನು ಮಾಡುತ್ತ ಪಕ್ಕದಲ್ಲೇ ಕುಳಿತರು. ತಡವರಿಸಿದವರ ಉತ್ತರ ನಾನೇ ಹೇಳಿ ಮುಗಿಸಿದೆ. ಎಲ್ಲರೂ ಚಹಾ ಕುಡಿದು ಎದ್ದುಹೋದರು.

ಈಗ ಅವಳು ಕಲಬುರಗಿಯಲ್ಲಿ ಪಾಠ ಹೇಳುತ್ತಾಳೆ. ಮೊನ್ನೆ ಬಂದಾಗ ದೊಡ್ಡ ಹುದ್ದೆಗೆ ಅರ್ಜಿ ಹಾಕುತ್ತಿದ್ದೇನೆ ಅಂದಳು. ಏನೇನು ಬರೆದಿದ್ದೀರಿ ಎನ್ನುವುದಷ್ಟೇ ಸಾಲದಂತೆ. ಅದನ್ನು ಎಷ್ಟು ಮಂದಿ ತಮ್ಮ ಬರಹಕ್ಕೆ ಆಧಾರ ಮಾಡಿಕೊಂಡು ಕೆಳಗೆ ನಿಮ್ಮ ಹೆಸರು ಹಾಕಿದ್ದಾರೆ ಎಂದೂ ನೋಡುತ್ತಾರಂತೆ. ಫೋನಿನ ಮೇಲೆ ಬೆರಳಾಡಿಸಿ ತೋರಿಸಿದಳು. ಯಾವ್ಯಾವುದೋ ದೇಶದ ಹೆಸರುಗಳು, ಪಟ್ಟಿ ಮುಗಿಯಲೇ ಇಲ್ಲ. ಎಲ್ಲರೂ ಹಿಡಿದದ್ದು ಅಂದಿನ ಉತ್ತರಗಳಿಂದ ಬರೆದ ಆ ಕೊಳಕೂರಿನ ಲೇಖನವನ್ನೇ.

ಅದರಲ್ಲಿ ಏನಿದೆ, ನನಗೆ ತಿಳಿಯುವಂತೆ ಹೇಳು ಅಂದೆ. ಕೂಡು ಮನೆಯ ಸೊಸೆಯರು ತಮ್ಮ ದುಃಖವನ್ನು ಅತ್ತೆಯ ಮುಂದೆ ಹೇಳಿ ಹಗುರಾಗುತ್ತಾರೆ ಎಂದಿದೆ ಅಂದಳು.

ರೊಟ್ಟಿ ಬಡಿಯುತ್ತಿದ್ದ ನನ್ನ ಸೊಸೆ, ಅಂದರೆ ಅವಳ ತಾಯಿ, ಕೈ ನಿಲ್ಲಿಸಿದಳು.

"ಅತ್ತಿ ಬಾಜೂಕ ಕುಂತಾಗ ಮತ್ತೇನ ಹೇಳಬೇಕಿತ್ತ ಬೇ?"

"ಅವ್ವಾ, ನೀನೂ ಸುಳ್ಳ ಹೇಳೀಯೇನ?"

"ಇಷ್ಟ ಮಂದಿ ಓದ್ತಾರಂತ ನನಗೇನ ಗೊತ್ತ. ನೀ ಪಾಸಾದ್ರ ಸಾಕಿತ್ತ."

ನಾನು ಸೊಸೆಯ ಕಡೆ ತಿರುಗಿದೆ. ಮೂವತ್ತೈದು ವರ್ಷ ಒಂದೇ ಒಲೆಯ ಮುಂದೆ ಕುಳಿತವರು ನಾವು. ಹಾಗಾದರೆ ಯಾರ ಮುಂದೆ ಹೇಳಿಕೊಳ್ಳುತ್ತೀ ಎಂದು ಕೇಳಿದೆ.

"ಯಾರ ಮುಂದೂ ಇಲ್ರಿ," ಅಂದು ರೊಟ್ಟಿ ತಿರುವಿ ಹಾಕಿದಳು.

ಮೊಮ್ಮಗಳು ಫೋನು ಕೆಳಗಿಟ್ಟಳು. ಆ ಲೇಖನ ತಪ್ಪೆಂದು ಒಪ್ಪಿಕೊಂಡರೆ ಹುದ್ದೆ ಕೈ ತಪ್ಪಬಹುದು. ಸುಮ್ಮನಿದ್ದರೆ ಅಷ್ಟು ಮಂದಿ ನಮ್ಮ ಹುಸಿಯ ಮೇಲೆಯೇ ಇನ್ನೂ ಬರೆಯುತ್ತಾ ಹೋಗುತ್ತಾರೆ. ಹುದ್ದೆ ಹೋದರೆ ಹೋಗಲಿ, ಮತ್ತೊಮ್ಮೆ ಕೇಳಿ ಖರೇದು ಬರೆ ಅಂದೆ.

"ಬರೀತೇನಿ ಆಯಿ. ಆದ್ರ ಅತ್ತಿಗೋಳು ಊರಾಗ ಇದ್ರ ಮತ್ತ ಅದ ಉತ್ತರ ಬರ್ತದ."

ಈ ಬುದ್ಧಿ ಆಗಲೇ ಬರಬೇಕಿತ್ತು, ಅವಳಿಗೂ, ನನಗೂ.

ಮರುದಿನ ಬೆಳಿಗ್ಗೆ ಓಣಿಯ ಅತ್ತೆಯರನ್ನೆಲ್ಲ ಟಂಟಂ ಗಾಡಿಯಲ್ಲಿ ತುಂಬಿಕೊಂಡು ಘತ್ತರಗಿಯ ಭಾಗ್ಯವಂತಿ ಗುಡಿಗೆ ಹೊರಟೆ. ಸೊಸೆಯರೂ ಬರುತ್ತೇವೆ ಅಂದರು. ನೀವು ಮನೆಯಲ್ಲೇ ಇರಿ ಎಂದು ಗದರಿಸಿ ಗಾಡಿ ಬಿಡಿಸಿದೆ.