ಕೆಟ್ಟ ಜಾಗದಲ್ಲಿ ಮುಚ್ಚಬಾರದು

ನನಗೆ ಪುಸ್ತಕದ ಹುಚ್ಚಿಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಕಮಲಾಪುರದ ಕೆಂಪು ಬಾಳೆಗೊನೆಗಳನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಹೋಗಿ ಕಲಬುರಗಿಯ ಜಗತ್ ಸರ್ಕಲ್ ಕಡೆಯ ಅಂಗಡಿಗಳಿಗೆ ಇಳಿಸಿ ಬರುವುದು ನನ್ನ ಕೆಲಸ. ಅದಕ್ಕೆ ಬೋರ್ಡು ಓದಲು ಬಂದರೆ ಸಾಕು. ಆದರೂ ಹೋದ ವರ್ಷ ಒಂದು ದಪ್ಪ ಕಾದಂಬರಿಯನ್ನು, ಅದೂ ಜೋರಾಗಿ, ಓದಬೇಕಾಯಿತು.

ತಂಗಿ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಈಗ ಮನೆ ತುಂಬ ತೆವಳುವ ನನ್ನ ಅಳಿಯ ಆಗ ಹೊಟ್ಟೆಯಲ್ಲಿದ್ದ. ಅವಳ ಗಂಡನ ಮನೆ ಇರುವುದು ಜೇವರ್ಗಿ ಕಾಲೋನಿಯಲ್ಲಿ. ಬಿಪಿ ಏರಿದೆ, ಮಲಗೇ ಇರಬೇಕು ಅಂತ ಅಲ್ಲಿಯ ಡಾಕ್ಟರಮ್ಮ ಹೇಳಿದ್ದರು. ಮೊದಲ ಕೂಸು ಹುಟ್ಟಿದ ದಿನವೇ ಹೋಗಿತ್ತು. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ತಂಗಿ ಎತ್ತಿದರೆ ಅವ್ವ ಎದ್ದು ಒಳಗೆ ಹೋಗಿಬಿಡುತ್ತಿದ್ದಳು.

ಕಾದಂಬರಿ ತಂದವಳು ತಂಗಿಯೇ. ಅಕ್ಷರ ನೋಡಿದರೆ ತಲೆ ತಿರುಗುತ್ತದೆ ಅಂತ ನನ್ನ ಬೆನ್ನು ಹತ್ತಿದಳು.

"ಅಣ್ಣಾ, ನೀನರ ಓದು."

"ಮೊಬೈಲಿನ್ಯಾಗ ಏನರ ನೋಡಬೇ."

"ಅದೂ ಬ್ಯಾಡ ಅಂದಾರ. ಓದು. ಬಾಳಿಹಣ್ಣಿನ ರೇಟ್ ಕೂಗಿದಂಗ ಓದಬ್ಯಾಡ ಮತ್ತ."

ಯಾವುದೋ ಕಾಲದ ಕಂಬಳಿ ನೇಯುವವರ ಕಥೆ. ದೊರೆಯ ವಿರುದ್ಧ ಮಾತಾಡಿದವರನ್ನು ಹಿಡಿದು ಒಳಗೆ ಹಾಕುವ ಕಾಲ. ಆದರೆ ದೊರೆ ಬರುವ ಮೊದಲು ನದಿ ಬಂತು. ಮೊದಲ ಪುಟದಲ್ಲಿ ನದಿ, ಎರಡನೇ ಪುಟದಲ್ಲೂ ಅದೇ ನದಿ. ನದಿ ಹರಿಯಿತು ಅಂದರೆ ಮುಗಿಯಿತಲ್ಲ? ಬೆಳದಿಂಗಳು ಅದರ ಮೇಲೆ ಏನೇನು ಮಾಡಿತು ಅಂತ ನನಗ್ಯಾಕೆ? ಸಿಟ್ಟಿನಲ್ಲೇ ಓದಿದೆ.

ಜೋಳ ಹಸನು ಮಾಡುತ್ತ ಅವ್ವ ಬಂದು ಕೂತಳು. ಪಕ್ಕದ ಮನೆಯ ಖಾಲಾನೂ ಬಂದಳು. ನಾವು ಹುಟ್ಟುವ ಮೊದಲಿನಿಂದ ಅವಳಿಗೂ ಅವ್ವನಿಗೂ ಗೆಳೆತನ. ನೇಕಾರನನ್ನು ಸಿಪಾಯಿಗಳು ಎಳೆದುಕೊಂಡು ಹೋದರು ಅನ್ನುವಲ್ಲಿಗೆ ನನ್ನ ಗಂಟಲು ಒಣಗಿತು. ಪುಸ್ತಕ ಮುಚ್ಚಿದೆ.

"ಏ ತಮ್ಮಾ, ಅಲ್ಲಿ ಮುಚ್ಚಬ್ಯಾಡ!" ಅವ್ವ ಚೀರಿದಳು. "ಮನ್ಯಾಗ ಬಸರಿ ಮಲಗ್ಯಾಳ. ಅವನ್ನ ಜೈಲಿನ್ಯಾಗ ಬಿಟ್ಟು ಮುಚ್ಚತೀಯೇನು?"

ಶ್ರಾವಣದಲ್ಲಿ ನಮ್ಮ ಓಣಿಯ ಮಠದಲ್ಲಿ ಪುರಾಣ ನಡೆಯುತ್ತದೆ. ಸಾವು, ನೋವು ಬಂದಲ್ಲಿ ಸ್ವಾಮಿಗಳು ಆ ದಿನದ ಪುರಾಣ ನಿಲ್ಲಿಸುವುದಿಲ್ಲ. ಏನಾದರೂ ಒಳ್ಳೆಯದು ಬರುವತನಕ ಮುಂದುವರಿಸುತ್ತಾರೆ. ಕಥೆಯಲ್ಲಿ ಕೂಸು ಹುಟ್ಟಿದರೆ ಹೆಂಗಸರು ಅಲ್ಲೇ ತೊಟ್ಟಿಲು ಕಟ್ಟಿ ತೂಗಿ, ಗುಗ್ಗರಿ ಹಂಚುತ್ತಾರೆ.

"ಇದು ಪುರಾಣ ಅಲ್ಲಬೇ, ಕಾದಂಬರಿ."

"ಯಾವುದರ ಆಗಲಿ. ಮನುಷ್ಯಾರದೇ ಹೌದಿಲ್ಲೊ? ಓದು."

ಓದಿದೆ. ನೇಕಾರನಿಗೆ ಹೊಡೆದರು. ಮಗ್ಗ ಮುರಿದರು. ಮನೆಗೆ ಬೀಗ ಹಾಕಿದರು. ಹೆಂಡತಿ ಬಸುರಿ, ಅವಳು ಅಣ್ಣನ ಮನೆಗೆ ಹೋದರೆ ಅಣ್ಣ ಬಾಗಿಲು ತೆಗೆಯಲಿಲ್ಲ. ಬರೆದವನಿಗೆ ಒಂದು ಒಳ್ಳೆಯ ಸುದ್ದಿ ಬರೆಯಲು ಏನು ರೋಗವಾಗಿತ್ತೋ! ಹೊರಗೆ ಟಂಟಂನಲ್ಲಿ ಗೊನೆಗಳು ಬಿಸಿಲಿಗೆ ಮೆತ್ತಗಾಗುತ್ತಿದ್ದವು.

"ದೊರಿಗಿ ಬೈದವರು ಯಾರಂತ ಹೇಳಿ ಹೊರಗ ಬರಬಾರದೇನು ಬೇಟಾ ಅವ?" ಖಾಲಾ ಕೇಳಿದಳು.

"ಅವ ಹೇಳಿದ್ರ ಇನ್ನೊಬ್ಬಾಕಿ ಗಂಡನ್ನ ಒಯ್ತಾರಲ್ಲಕ್ಕಾ," ಅಂದಳು ಅವ್ವ.

"ಖರೇ ಅದ. ಆದ್ರ ಬಾಗಲಾ ತೆಗೀದ ಆ ಅಣ್ಣಗ ಹುಳಾ ಬೀಳಲಿ." ಹಾಗಂದವಳು ನನ್ನನ್ನೇ ನೋಡಿದಳು, ನಾನೇ ಬಾಗಿಲು ಹಾಕಿಕೊಂಡವನ ಹಾಗೆ.

ಕೊನೆಗೆ ಯಾರದೋ ಆಡು ಮರಿ ಹಾಕಿತು. "ಬಸ್, ಇಲ್ಲಿ ಮುಚ್ಚು," ಅಂದಳು ಅವ್ವ. ದಿನಾ ಇದೇ ಗೋಳು. ಒಂದು ಆಡಿನ ಮರಿ ಸಿಗುವತನಕ ನಾನು ಮಂದಿಯ ಸಾವು ಓದಬೇಕು. ಜಗತ್‌ನ ಅಂಗಡಿಯವನ ಹತ್ತಿರ ಬೈಸಿಕೊಂಡಿದ್ದೇ ಬಂತು.

ಹಾಗೇ ನೇಕಾರನ ಹೆಂಡತಿ ಹಡೆಯುವ ಜಾಗ ಬಂತು. ಕೂಸು ಹುಟ್ಟಿತು ಅಂತ ಓದಿದ್ದೇ ತಡ, ಅವ್ವ ಕುಪ್ಪಸದ ಖಣದಲ್ಲಿ ತೆಂಗಿನಕಾಯಿಯನ್ನು ಕೂಸಿನ ಹಾಗೆ ಸುತ್ತಿ, ಜೋಳ ಹಸನು ಮಾಡುವ ಮೊರದಲ್ಲಿ ಮಲಗಿಸಿದಳು. ಖಾಲಾ ಮೊರ ತೂಗಿದಳು. ಗುಗ್ಗರಿ ಹಂಚಿದರು. ತಂಗಿ ಮಲಗಿದ್ದಲ್ಲೇ ನಗುತ್ತಿದ್ದಳು. ನಾನು ಗುಗ್ಗರಿ ತಿನ್ನುತ್ತ ಮುಂದಿನ ಹಾಳೆ ತಿರುವಿದೆ. ಕೂಸಿಗೆ ಜ್ವರ ಬಂದಿತ್ತು. ಅದರ ಮುಂದಿನ ಹಾಳೆಯಲ್ಲಿ ಕೂಸು ಇರಲಿಲ್ಲ.

"ಮುಗೀತು," ಅಂತ ಪುಸ್ತಕ ಮುಚ್ಚಿದೆ.

"ಹಾಳಿ ಉಳದಾವಲ್ಲಣ್ಣಾ," ಅಂದಳು ತಂಗಿ.

"ಬರೇ ನದಿ ಅದ."

"ಸುಳ್ಳ ಹೇಳಬ್ಯಾಡ. ಕೂಸು ಹೋಗ್ತದ, ಹೌದಿಲ್ಲೊ?"

ಅವ್ವ ಎದ್ದಳು. "ಸಾಕು. ತೊಟ್ಟಿಲಾ ಕಟ್ಟೇವಿ. ಇಲ್ಲಿಗೇ ಮುಗಸು."

"ನನ್ನ ಕೂಸಿಂದೂ ಹಿಂಗೇ ಮುಚ್ಚಿಟ್ರಿ," ಅಂದಳು ತಂಗಿ. ಅವಳ ಧ್ವನಿ ಏರಲಿಲ್ಲ. "ನನಗ ಮುಖಾ ಸುದ್ದಾ ತೋರಿಸಲಿಲ್ಲ. ಕೇಳಿದ್ರ ಎದ್ದು ಹೋಗ್ತಿ. ಅಣ್ಣಾ, ನೀ ಓದು. ಯಾವಾಕಿದರ ಕೂಸಿಂದು ಪೂರಾ ಕೇಳತೀನಿ."

ನಾನು ಅವ್ವನ ಮುಖ ನೋಡಿದೆ. ಖಾಲಾ ಅವ್ವನ ಸೆರಗು ಹಿಡಿದು ಜಗ್ಗಿದಳು, "ಬೈಠ್." ಅವ್ವ ಕೂತಳು.

ಓದಿದೆ. ಅಲ್ಲಿ ಬೆಳದಿಂಗಳಿರಲಿಲ್ಲ, ಪುಣ್ಯ. ಕೂಸು ಹೋಯಿತು, ಹೂತರು, ಅಷ್ಟೇ.

"ಅವ್ವಾ, ತಲಿಮ್ಯಾಗ ಕೂದಲಾ ಇದ್ವೇನು?" ತಂಗಿ ಕೇಳಿದಳು. ಪುಸ್ತಕದ ಕೂಸಿನದಲ್ಲ ಅಂತ ಎಲ್ಲರಿಗೂ ತಿಳಿಯಿತು.

ಅವ್ವ ಮೊರದೊಳಗಿನ ತೆಂಗಿನಕಾಯಿಯ ಖಣ ಸರಿಮಾಡಿದಳು. "ಇದ್ವು," ಅಂದಳು. "ತಲಿ ತುಂಬ." ಆಮೇಲೆ ನನ್ನ ಮೇಲೆ ಹರಿಹಾಯ್ದಳು. "ಏನ್ ನೋಡತಿ? ಇಲ್ಲಿ ಬಿಡತೀಯೇನು? ಮುಂದ ಓದು!"

ಮುಂದೆ ಒಳ್ಳೆಯದು ಎಲ್ಲಿತ್ತು? ದೊರೆ ಸಾಯಲಿಲ್ಲ, ನೇಕಾರ ಬರಲಿಲ್ಲ. ಕೊನೆಯ ಹಾಳೆಗೆ ಬಂದೆ, ಮತ್ತೆ ನದಿ. ಹಲ್ಲು ಕಚ್ಚಿ ಅದನ್ನೂ ದಾಟಿದೆ. ಆ ಹೆಂಗಸು ಮನೆಯ ಬೀಗ ಒಡೆದು ಒಳಗೆ ಹೋಗಿ ಒಲೆ ಹಚ್ಚಿದಳು ಅಂತ ಇತ್ತು.

"ಇಲ್ಲಿ ನಿಲ್ಲಸು," ಅಂದಳು ಅವ್ವ.

"ಇನ್ನೊಂದೀಟು ಅದ ಬೇ."

"ಒಲಿ ಹಚ್ಯಾಳಲ್ಲ. ಸಾಕು."

ಉಳಿದ ಸಾಲುಗಳನ್ನು ನಾನು ಇವತ್ತಿಗೂ ಓದಿಲ್ಲ. ಟಂಟಂ ಚಾವಿ ತೆಗೆದುಕೊಂಡು ಹೊರಟೆ. ಹಿಂದೆ ತಂಗಿ, "ಅವತ್ತಿನದು ಮೊದಲಿಂದ ಹೇಳವ್ವಾ," ಅಂದಳು. ಅವ್ವ ಹೇಳತೊಡಗಿದಳು. ಅದರಲ್ಲಿ ನದಿಯಿಲ್ಲ, ಬೆಳದಿಂಗಳಿಲ್ಲ. ಗೊನೆಗಳು ಕೆಟ್ಟರೆ ಕೆಡಲಿ ಅಂತ ಹೊಸ್ತಿಲ ಮೇಲೆ ಕೂತು ಪೂರಾ ಕೇಳಿದೆ.